ಗೇಣಿಗೊಂದು ಬೆರಳು

ಕಾರಟಗಿ ಬಸ್ ಸ್ಟ್ಯಾಂಡಿನ ಎದುರಿಗೆ ಹೂವಿನ ಅಂಗಡಿ ಇಟ್ಟುಕೊಂಡಿದ್ದ ಪಕ್ಕೀರವ್ವನಿಗೆ ಊರಲ್ಲಿ ಎರಡು ಕೆಟ್ಟ ಹೆಸರಿದ್ದವು. ಒಂದು, ಅವಳ ಮೊಳ ಸಣ್ಣದು. ಇನ್ನೊಂದು, ವಯಸ್ಸು ಐವತ್ತಕ್ಕೆ ಬಂದರೂ ಕೂತು ಕಾರು ಮಾಡುತ್ತಾಳೆ.

ಮೊದಲನೆಯದು ನಿಜವೇ. ಆಕೆ ಗಿಡ್ಡ ಹೆಂಗಸು, ಕೈಯೂ ಗಿಡ್ಡ. ಮೊಣಕೈಯಿಂದ ಬೆರಳ ತುದಿಯವರೆಗೆ ಮಲ್ಲಿಗೆ ಮಾಲೆ ಹಿಡಿದು ಅಳೆದು ಕೊಟ್ಟರೆ, ಗಂಡ ಕಾಳಪ್ಪ ಅಳೆದು ಕೊಡುವ ಮೊಳಕ್ಕಿಂತ ನಾಲ್ಕು ಬೆರಳು ಕಡಿಮೆ ಬೀಳುತ್ತಿತ್ತು. ಕಾಳಪ್ಪ ಎತ್ತರದ ಮನುಷ್ಯ, ಅಂಗೈಯೋ ಮೊರದಗಲ. ಊರಿನ ಹೆಂಗಸರಿಗೆ ಇಂಥದ್ದು ತಿಳಿಯದೆ ಇರುತ್ತದೆಯೇ? ಅವನು ಚಹಾ ಕುಡಿಯಲು ಹೋಗಿದ್ದರೆ, ಯಾರಿಗೋ ಫೋನ್ ಮಾಡುವವರಂತೆ ಅಂಗಡಿ ಮುಂದೆ ನಿಂತು, ಅವನು ವಾಪಸು ಬಂದ ಮೇಲೆಯೇ ಎರಡು ಮೊಳ ಕೊಡಿ ಎನ್ನುವವರಿದ್ದರು. ಪಕ್ಕೀರವ್ವ ಇದನ್ನೆಲ್ಲ ಕಂಡೂ ಕಾಣದವಳಂತೆ ಹೂವಿಗೆ ನೀರು ಚಿಮುಕಿಸುತ್ತ ಕೂತಿರುತ್ತಿದ್ದಳು. ತನ್ನ ಕೈ ಹುಟ್ಟಿನಿಂದ ಬಂದದ್ದು, ಅಂಗಡಿಯಿಂದ ತಂದದ್ದಲ್ಲ, ಬೇಕಾದವರು ತಗೊಳ್ಳಲಿ ಎಂಬುದು ಅವಳ ನ್ಯಾಯ.

ಎರಡನೆಯದರ ಕಥೆ ಸ್ವಲ್ಪ ಉದ್ದ. ಈ ಗಂಡ ಹೆಂಡತಿ ಬರೀ ಮಾಲೆ ಮಾರುವವರಲ್ಲ, ಮದುವೆ ಕಾರು ಸಿಂಗರಿಸುವವರು. ಇಪ್ಪತ್ತಾರು ವರ್ಷಗಳಿಂದ ಕಾರಟಗಿಯ, ಸಿದ್ದಾಪುರದ, ಸುತ್ತಿನ ಕ್ಯಾಂಪು-ಹಳ್ಳಿಗಳ ಮದುಮಕ್ಕಳು ಕೂತ ಕಾರುಗಳಿಗೆಲ್ಲ ಹೂವು ಕಟ್ಟಿದವರು ಇವರೇ. ಕಾರಿನ ಕಂಪನಿ, ಮಾಡೆಲ್ಲು ಪಕ್ಕೀರವ್ವನಿಗೆ ಬೇಕಿರಲಿಲ್ಲ. ಇದು ಮೂರು ಮೊಳದ ಬಾನೆಟ್ಟು, ಇದು ನಾಲ್ಕು ಮೊಳದ ಟಾಪು, ಇದಕ್ಕೆ ಕನ್ನಡಿಯಿಂದ ಕನ್ನಡಿಗೆ ಐದು ಮೊಳ ಸೇವಂತಿಗೆ ಬೇಕು ಎಂದು ದೂರದಿಂದಲೇ ಹೇಳಿಬಿಡುತ್ತಿದ್ದಳು. ಮೈಮುಟ್ಟಿ ಅಳೆದವರಿಗೆ ಮಾತ್ರ ತಿಳಿಯುವ ಸಂಗತಿಗಳಿರುತ್ತವೆ. ಯಾವ ಕಾರಿನ ಬಾನೆಟ್ಟು ನಡುವೆ ಉಬ್ಬುತ್ತದೆ, ಯಾವುದರ ಬಾಗಿಲು ಕೆಳಗೆ ಬರುಬರುತ್ತ ಒಳಗೆ ಸರಿಯುತ್ತದೆ, ಅದೆಲ್ಲ ಅವಳ ಅಂಗೈಯಲ್ಲಿತ್ತು.

ಏಳೆಂಟು ವರ್ಷದ ಹಿಂದೆ ಒಂದು ಆಷಾಢದಲ್ಲಿ ಮದುವೆಯೂ ಇಲ್ಲ, ವ್ಯಾಪಾರವೂ ಇಲ್ಲ, ಸುಮ್ಮನೆ ಕೂತು ಕೂತು ಆಕೆಗೆ ಸಾಕಾಗಿತ್ತು. ಮನೆಯಲ್ಲಿ ಲಗ್ನಪತ್ರಿಕೆಗಳ ರಾಶಿ ಬಿದ್ದಿತ್ತು. ಹೂವು ಹೇಳಲು ಬಂದವರೆಲ್ಲ ಒಂದೊಂದು ಪತ್ರಿಕೆ ಕೊಟ್ಟು ಹೋಗುತ್ತಾರೆ, ಮೂಲೆಗೆ ಅರಿಶಿಣ ಹಚ್ಚಿದ ಪತ್ರಿಕೆಯನ್ನು ಬಿಸಾಡಲು ಮನಸ್ಸು ಬರುವುದಿಲ್ಲ. ಪಕ್ಕೀರವ್ವ ಐದು ಪತ್ರಿಕೆಗಳನ್ನು ಒಂದರ ಮೇಲೊಂದು ಗೋಂದಿನಿಂದ ಅಂಟಿಸಿ, ಒಣಗಿದ ಮೇಲೆ ಹೂವಿನ ಕತ್ತರಿಯಿಂದ ಒಂದು ಬಾನೆಟ್ಟು ಕತ್ತರಿಸಿದಳು. ನಡುವೆ ಸ್ವಲ್ಪ ಉಬ್ಬಿಸಿದಳು. ಅದನ್ನು ಬೆಳಕಿಗೆ ಹಿಡಿದು ನೋಡಿದಾಗ ಆದ ಸಂತೋಷ ಎಂಥದ್ದೆಂದರೆ, ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದೂ ಗೊತ್ತಾಗಲಿಲ್ಲ.

ಅಳತೆಗೆ ಅವಳು ಕಂಡುಕೊಂಡ ದಾರಿ ತೀರಾ ಸರಳ. ಕೈ ಅಗಲಿಸಿ ಹೆಬ್ಬೆರಳಿನಿಂದ ಕಿರುಬೆರಳಿಗೆ ಹಿಡಿದರೆ ಒಂದು ಗೇಣು. ಒಂದು ಗೇಣಿನಲ್ಲಿ ಹನ್ನೆರಡು ಬೆರಳಗಲ. ದೊಡ್ಡ ಕಾರಿನಲ್ಲಿ ಒಂದು ಗೇಣು ಇದ್ದದ್ದು ಸಣ್ಣ ಕಾರಿನಲ್ಲಿ ಒಂದು ಬೆರಳು. ಎರಡೂ ಅವಳ ಕೈಯಲ್ಲೇ ಇರುವುದರಿಂದ ಪಟ್ಟಿ ಬೇಡ, ಟೇಪು ಬೇಡ.

ಹಳೆಯ ಹವಾಯಿ ಚಪ್ಪಲಿಯಿಂದ ಟೈರು, ಗುಳಿಗೆ ಪಟ್ಟಿಯ ಪ್ಲಾಸ್ಟಿಕ್ ಗುಳ್ಳೆಯಿಂದ ಹೆಡ್‌ಲೈಟು, ಅಂಗಿಯ ಸ್ಟೀಲ್ ಗುಂಡಿಯಿಂದ ಚಕ್ರದ ನಡುವಿನ ಕ್ಯಾಪು. ಪಾಲಿಶ್ ಪೇಪರಿನಿಂದ ತಿಕ್ಕಿ, ಬಣ್ಣ ಬಳಿದು, ಮತ್ತೆ ತಿಕ್ಕಿ, ಮತ್ತೆ ಬಳಿದು. ವರ್ಷಕ್ಕೆ ಎರಡೋ ಮೂರೋ ಕಾರು ಆಗುತ್ತಿದ್ದವು. ಯಾರಿಗೆ ಮಾಡುತ್ತೀಯೆ, ಮೊಮ್ಮಗನಿಗೇನು ಎಂದು ಓಣಿಯವರು ಕೇಳುತ್ತಿದ್ದರು. ಮೊಮ್ಮಗನಿಗೆ ಎಂದಿದ್ದರೆ ಎಲ್ಲರೂ ಸುಮ್ಮನಾಗುತ್ತಿದ್ದರು, ಚೊಲೋ ಅಜ್ಜಿ ಎಂದು ಹೊಗಳುತ್ತಲೂ ಇದ್ದರೇನೋ. ಈಕೆ ಮಾತ್ರ ನನಗೆ ಎನ್ನುತ್ತಿದ್ದಳು. ಆ ಒಂದು ಮಾತಿಗೆ ಜನ ಅವಳ ತಲೆ ಸರಿ ಇಲ್ಲವೆಂದು ತೀರ್ಮಾನಿಸಿದರು. ಗಂಡಸೊಬ್ಬ ಇಡೀ ದಿನ ಕಟ್ಟೆಯ ಮೇಲೆ ಇಸ್ಪೀಟು ಆಡಿದರೆ ತಲೆ ಸರಿ ಇರುತ್ತದೆ, ಹೆಂಗಸು ತನಗಾಗಿ ಒಂದು ಕಾರು ಮಾಡಿಕೊಂಡರೆ ಕೆಡುತ್ತದೆ. ಇರಲಿ.

ಗಂಗಾವತಿಯಲ್ಲಿ ಮಾಡೆಲ್ ಕಾರು ಮಾಡುವವರ ಒಂದು ಬಳಗವಿತ್ತು. ಅದರ ಅಧ್ಯಕ್ಷ ಉಮಾಪತಿ, ಔಷಧ ಅಂಗಡಿಯ ಮಾಲೀಕ. ಬಳಗದವರೆಲ್ಲ ಪೆಟ್ಟಿಗೆಯಲ್ಲಿ ಬರುವ ಬಿಡಿಭಾಗ ತರಿಸಿ, ಸಣ್ಣ ಯಂತ್ರದಿಂದ ಬಣ್ಣ ಊದಿ, ಚಿಮಟಿಗೆ ಹಿಡಿದು ಜೋಡಿಸುವವರು. ಅವರು ಕಲ್ಯಾಣ ಮಂಟಪವೊಂದರಲ್ಲಿ ಪ್ರದರ್ಶನ ಮತ್ತು ಸ್ಪರ್ಧೆ ಇಟ್ಟಿದ್ದಾರೆ, ಯಾರು ಬೇಕಾದರೂ ತರಬಹುದು ಎಂಬ ಚೀಟಿ ಬಸ್ ಸ್ಟ್ಯಾಂಡಿನ ಗೋಡೆಗೆ ಬಿತ್ತು. ಪಕ್ಕೀರವ್ವ ಅದನ್ನು ಮೂರು ಸಲ ಓದಿದಳು. ಯಾರು ಬೇಕಾದರೂ ಎಂದೇ ಬರೆದಿತ್ತು.

ಆಗ ಅವಳ ಕೈಯಲ್ಲಿ ಎಂಟು ತಿಂಗಳಿಂದ ಒಂದು ಅಂಬಾಸಿಡರ್ ಇತ್ತು. ಕಾರಟಗಿಯ ಅಕ್ಕಿ ಗಿರಣಿಯ ಸಿದ್ದಲಿಂಗೇಶನ ಮನೆಯ ಬಿಳಿ ಅಂಬಾಸಿಡರ್, ಅವನ ತಂದೆ ಕೊಂಡದ್ದು. ಒಂದು ಕಾಲಕ್ಕೆ ಊರಿಗೆಲ್ಲ ಅದೊಂದೇ ಮದುವೆ ಕಾರು. ಅದರ ಕಿಟಕಿಗೆ ಕುಂಕುಮ ಬಣ್ಣದ ಪರದೆ, ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಷ್ಟು ಫ್ಯಾನು, ಮುಂದಿನ ಗಾಜಿನ ಮೇಲೆ ಹಸಿರು ಬಿಸಿಲು ಪಟ್ಟಿ. ಪಕ್ಕೀರವ್ವನ ಸಣ್ಣ ಕಾರಿನಲ್ಲೂ ಇವೆಲ್ಲ ಇದ್ದವು. ಪರದೆ ರವಿಕೆ ತುಂಡಿನದು, ಸರಿಸಿದರೆ ಸರಿಯುತ್ತಿತ್ತು. ಫ್ಯಾನು ಊದಿದರೆ ತಿರುಗುತ್ತಿತ್ತು. ಬಲಗಡೆಯ ಹಿಂದಿನ ಬಾಗಿಲಿಗೆ ಯಾವುದೋ ದಿಬ್ಬಣದಲ್ಲಿ ಎತ್ತಿನ ಗಾಡಿ ತಾಗಿ ಆಗಿದ್ದ ತಗ್ಗನ್ನೂ ಬಿಟ್ಟಿರಲಿಲ್ಲ.

ಪ್ರದರ್ಶನದ ದಿನ ಅಂಗಡಿ ಮುಚ್ಚಿ, ಹೂವಿನ ಬುಟ್ಟಿಯಲ್ಲಿ ಒಣ ಬಟ್ಟೆ ಹಾಸಿ ಕಾರು ಇಟ್ಟುಕೊಂಡು ಗಂಡ ಹೆಂಡತಿ ಬಸ್ಸು ಹತ್ತಿದರು. ಬುಟ್ಟಿಯನ್ನು ಮೇಲಿಡು ಎಂದ ಕಂಡಕ್ಟರನಿಗೆ ಅವಳು ಅದನ್ನು ಮುಟ್ಟಲೂ ಬಿಡಲಿಲ್ಲ. ಸಿದ್ದಾಪುರ ದಾಟಿ ಗಂಗಾವತಿ ಮುಟ್ಟುವವರೆಗೂ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದಳು.

ಮಂಟಪದ ಬಾಗಿಲಲ್ಲಿ ಸಾಕ್ಷಾತ್ ಸಿದ್ದಲಿಂಗೇಶನ ಅಂಬಾಸಿಡರ್ ನಿಂತಿತ್ತು. ಬಂದವರು ಫೋಟೊ ತೆಗೆಸಿಕೊಳ್ಳಲಿ ಎಂದು ಬಳಗದವರು ಬೇಡಿ ತರಿಸಿದ್ದರಂತೆ. ಸಿದ್ದಲಿಂಗೇಶನೂ ಇಸ್ತ್ರಿ ಅಂಗಿ ತೊಟ್ಟು ಪಕ್ಕದಲ್ಲೇ ನಿಂತಿದ್ದ. ಪಕ್ಕೀರವ್ವನಿಗೆ ತವರಿನವರು ಎದುರು ಬಂದಷ್ಟು ಖುಷಿಯಾಯಿತು.

ಆ ಖುಷಿ ಒಳಗೆ ಹೋಗುವವರೆಗೆ ಮಾತ್ರ. ಹೆಸರು ಬರೆದುಕೊಳ್ಳಲು ಉಮಾಪತಿಯೇ ಕೂತಿದ್ದ. ತನ್ನ ಮಗಳ ಮದುವೆಯಲ್ಲಿ ಕಾರು ಸಿಂಗರಿಸಿದವಳು ಇವಳೇ ಎಂದು ಗುರುತು ಹಿಡಿದು, ಹೂವು ತಂದೀಯೇನವ್ವ ಎಂದು ಕೇಳಿದ. ಬುಟ್ಟಿಯಿಂದ ಕಾರು ಹೊರಬಂದಾಗ ಅವನ ಹುಬ್ಬು ಮೇಲೇರಿತು, ಅದು ಸುಳ್ಳಲ್ಲ. ಪರದೆ ಸರಿಸಿ ನೋಡಿದ, ಫ್ಯಾನು ಊದಿದ, ಭಾಳ ಚೊಲೋ ಆಗೇತಿ ಎಂದ. ಆಮೇಲೆ ಅರ್ಜಿಯ ಮೇಲೆ ಪೆನ್ನಿಟ್ಟು ಸ್ಕೇಲ್ ಎಷ್ಟು ಎಂದು ಕೇಳಿದ.

"ಗೇಣಿಗೊಂದು ಬೆರಳ್ರಿ," ಎಂದಳು ಪಕ್ಕೀರವ್ವ.

ಹಿಂದೆ ಸಾಲಿನಲ್ಲಿ ನಿಂತವರು ಕಿಸಕ್ಕನೆ ನಕ್ಕರು. ಉಮಾಪತಿ ನಗಲಿಲ್ಲ, ಬೇಕಾದರೆ ಅದನ್ನು ಅವನ ಸಭ್ಯತೆ ಎನ್ನಿ. ಸಮಾಧಾನದಿಂದ ತಿಳಿಸಿ ಹೇಳಿದ. ಮಾಡೆಲ್ ಎಂದರೆ ಅಳತೆ, ಇಪ್ಪತ್ತನಾಲ್ಕಕ್ಕೆ ಒಂದು, ಹದಿನೆಂಟಕ್ಕೆ ಒಂದು, ಹಾಗೆ. ಗೇಣು, ಬೆರಳು ಒಬ್ಬೊಬ್ಬರಿಗೆ ಒಂದೊಂದು ನಮೂನೆ. ಅಳತೆಯಿಲ್ಲದ್ದು ಎಷ್ಟೇ ಚೆಂದವಿದ್ದರೂ ಆಟಿಗೆ. ಅದಕ್ಕೆ ಆ ಕಡೆ ಬೇರೆ ಟೇಬಲ್ ಹಾಕಿದ್ದೇವೆ. ಹೀಗೆ ಹೇಳಿ ತಾನೇ ಕಾರನ್ನು ಎತ್ತಿಕೊಂಡು ಹೋಗಿ ಕರಕುಶಲ ಮತ್ತು ಆಟಿಗೆ ಎಂದು ಬರೆದಿದ್ದ ಟೇಬಲ್ಲಿನ ಮೇಲೆ, ಕಡ್ಡಿಪೆಟ್ಟಿಗೆಯ ಗುಡಿ ಮತ್ತು ಉಲ್ಲನ್ ನಾಯಿಮರಿಯ ನಡುವೆ ಇಟ್ಟ. ಇಡುವಾಗ ಬಗ್ಗಿ, ಇಲ್ಲಿ ಮೊದಲನೆಯ ಬಹುಮಾನ ನಿನ್ನದೇ ಎಂದು ಮೆಲ್ಲಗೆ ಹೇಳಿದ.

ಆ ಪಿಸುಮಾತೇ ಪಕ್ಕೀರವ್ವನ ಮೈ ಉರಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಎಂಟು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಒಂದೊಂದು ಬಾಗಿಲನ್ನು ಮೂರು ಮೂರು ಸಲ ಕಿತ್ತು ಮಾಡಿದ್ದು ಆಟಿಗೆಯಾದರೆ, ಅಷ್ಟೂ ದಿನ ಅಳೆದದ್ದು ಏನನ್ನು? ಹತ್ತು ಹೆಜ್ಜೆ ಆಚೆ ಉದ್ದ ಟೇಬಲ್ಲಿನ ಮೇಲೆ ಬಿಳಿ ಬಟ್ಟೆ ಹಾಸಿ ಹದಿಮೂರು ಕಾರು ಇಟ್ಟಿದ್ದರು. ಪ್ರತಿಯೊಂದರ ಮುಂದೆ ಒಂದು ಅಂಕಪಟ್ಟಿ. ಅವಳಿಗೆ ಬೇಕಾಗಿದ್ದದ್ದು ಆ ಟೇಬಲ್ಲಿನ ಮೇಲೆ ಎರಡು ಗೇಣು ಜಾಗ. ಬಹುಮಾನಕ್ಕಾಗಿ ಅವಳು ಬಸ್ಸು ಹತ್ತಿರಲೇ ಇಲ್ಲ.

ಪಕ್ಕೀರವ್ವ ತನ್ನ ಕಾರು ಎತ್ತಿಕೊಂಡು ಹೋಗಿ ಉದ್ದ ಟೇಬಲ್ಲಿನ ತುದಿಗೆ ಇಟ್ಟಳು. ಬಳಗದವನೊಬ್ಬ ಅದನ್ನು ತಂದು ನಾಯಿಮರಿಯ ಪಕ್ಕ ಇಟ್ಟ. ಅವಳು ಮತ್ತೆ ಎತ್ತಿದಳು. ಕಾಳಪ್ಪನಿಗೆ ನಾಚಿಕೆಯಾಗತೊಡಗಿತು. ಜನ ನೋಡುತ್ತಿದ್ದಾರೆ, ಫಸ್ಟ್ ಪ್ರೈಜ್ ಕೊಡುತ್ತಾರಂತೆ, ಸುಮ್ಮನೆ ತಗೊಂಡು ಹೋಗೋಣ ಎಂದು ಕಿವಿಯಲ್ಲಿ ಹೇಳಿದ. ಅವಳು ಅವನತ್ತ ಬೀರಿದ ನೋಟಕ್ಕೆ ಅವನು ಎರಡು ಹೆಜ್ಜೆ ಹಿಂದೆ ಸರಿದ.

ಸ್ಪರ್ಧೆಯ ತೀರ್ಪುಗಾರ ಬಸವಕುಮಾರ ಎಂಬ ಪಾಲಿಟೆಕ್ನಿಕ್ ಮೇಷ್ಟ್ರು. ಮಾತು ಕಡಿಮೆ, ಜೇಬಿನಲ್ಲಿ ಸದಾ ಸ್ಟೀಲ್ ಟೇಪು. ಪಕ್ಕೀರವ್ವ ನೇರ ಅವನ ಮುಂದೆ ಹೋಗಿ ನಿಂತಳು.

"ದೊಡ್ಡ ಕಾರು ಬಾಗಿಲದಾಗ ಐತ್ರಿ ಸರ್. ಸಣ್ಣದು ನನ್ನ ಕೈಯಾಗ ಐತಿ. ನಿಮ್ಮ ಟೇಪ್ ಹಚ್ಚಿ ಎರಡೂ ಅಳೀರಿ. ಅಳತಿ ಇಲ್ಲಂದ್ರ ನಾನ ನಾಯಿಮರಿ ಬಾಜೂಕ ಹೋಗಿ ಕುಂದರ್ತೀನಿ."

ಮೇಷ್ಟ್ರು ಉಮಾಪತಿಯ ಮುಖ ನೋಡಿದ. ಅದರ ಅಗತ್ಯವಿಲ್ಲ ಎಂದು ಉಮಾಪತಿ ಹೇಳುವಷ್ಟರಲ್ಲಿ ಸಿದ್ದಲಿಂಗೇಶ, ನಮ್ಮ ಗಾಡಿ ಅಳೆಯುವುದಾದರೆ ಅಳೆಯಲಿ ಬಿಡ್ರಿ ಎಂದುಬಿಟ್ಟ. ತನ್ನ ಕಾರಿನ ಸುತ್ತ ಜನ ಸೇರುವುದು ಅವನಿಗೆ ಬೇಕಾಗಿತ್ತು. ಒಳಗಿದ್ದವರೆಲ್ಲ ಹೊರಗೆ ಬಂದರು.

ಬಸವಕುಮಾರ ಮೊದಲು ಅಗಲ ಅಳೆದ. ದೊಡ್ಡದು ನೂರ ಅರವತ್ತಾರು ಸೆಂಟಿಮೀಟರ್, ಸಣ್ಣದು ಹದಿಮೂರು ಮುಕ್ಕಾಲು ದಾಟಿ ಕೂದಲೆಳೆ. ಮೊಬೈಲಿನಲ್ಲಿ ಭಾಗಿಸಿ, ಹನ್ನೆರಡಕ್ಕೆ ಒಂದು ಎಂದ. ಎತ್ತರ ಅಳೆದ. ಹನ್ನೆರಡಕ್ಕೆ ಒಂದು. ಚಕ್ರ, ಬಾನೆಟ್ಟು, ಮುಂದಿನ ಗಾಜು. ಹನ್ನೆರಡಕ್ಕೆ ಒಂದು, ಹನ್ನೆರಡಕ್ಕೆ ಒಂದು. ಗುಂಪಿನಲ್ಲಿ ನಗುತ್ತಿದ್ದವರು ಈಗ ಕುತ್ತಿಗೆ ಚಾಚಿ ನೋಡತೊಡಗಿದ್ದರು. ಹನ್ನೆರಡಕ್ಕೆ ಒಂದು ಎಂಬುದು ಜಗತ್ತೆಲ್ಲ ಒಪ್ಪಿದ ಸ್ಕೇಲು ಎಂದು ಮೇಷ್ಟ್ರು ಯಾರಿಗೆಂದಿಲ್ಲದೆ ಹೇಳಿದ. ಪಕ್ಕೀರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಉಮಾಪತಿಯ ಮುಖವನ್ನೇ ನೋಡುತ್ತಿದ್ದಳು.

ಕೊನೆಗೆ ಉದ್ದ. ದೊಡ್ಡದು ನಾನೂರ ಮೂವತ್ತೆರಡು. ಹಾಗಾದರೆ ಸಣ್ಣದು ಮೂವತ್ತಾರು ಇರಬೇಕು. ಮೇಷ್ಟ್ರು ಟೇಪು ಹಿಡಿದ, ಬಿಟ್ಟ, ಮತ್ತೆ ಹಿಡಿದ.

"ಮೂವತ್ನಾಕೂವರಿ," ಎಂದ. "ಹಿಂದ ಡಿಕ್ಕಿ ಕಡೆ ಒಂದೂವರಿ ಸೆಂಟಿಮೀಟರ್ ಕಡಿಮಿ ಐತಿ."

ಪಕ್ಕೀರವ್ವ ಬಗ್ಗಿ ಟೇಪಿನ ಅಂಕಿ ನೋಡಿದಳು. ಸುಳ್ಳು ಎನ್ನಲು ಬಾಯಿ ತೆರೆದಳು, ಆದರೆ ಟೇಪು ಸುಳ್ಳು ಹೇಳುವುದಿಲ್ಲವೆಂದು ಅವಳಿಗೂ ಗೊತ್ತು. ಜನರನ್ನು ಸರಿಸಿ ಅಂಬಾಸಿಡರಿನ ಹಿಂದಕ್ಕೆ ಹೋಗಿ ಡಿಕ್ಕಿಯ ಮೇಲೆ ಕೈ ಅಗಲಿಸಿ ಗೇಣು ಹಾಕಿದಳು. ಐದೂ ಕಾಲು. ಅಳತೆ ಬರೆದಿಟ್ಟುಕೊಂಡಿದ್ದ ಅವಳ ವಹಿಯಲ್ಲಿದ್ದದ್ದು ನಾಲ್ಕು ಚಿಲ್ಲರೆ. ಇಪ್ಪತ್ತಾರು ವರ್ಷದಲ್ಲಿ ಆ ಡಿಕ್ಕಿಯನ್ನು ಅವಳು ಅಳೆದದ್ದು ಇದೇ ಮೊದಲು. ಕಾರು ಸಿಂಗರಿಸುವಾಗ ಮುಂಭಾಗ ಅವಳದು, ಹಿಂಭಾಗ ಕಾಳಪ್ಪನದು. ಮದುವೆಯಾದ ವರ್ಷದಿಂದ ನಡೆದು ಬಂದ ಪಾಲು ಅದು. ಡಿಕ್ಕಿಯ ಅಳತೆ ಬೇಕಾದಾಗ ಅವಳು ಗಂಡನನ್ನು ಕೇಳಿದ್ದಳು, ಅವನು ತನ್ನ ಗೇಣಿನ ಲೆಕ್ಕ ಹೇಳಿದ್ದ, ಅವಳು ಅದನ್ನು ತನ್ನ ಬೆರಳಿಗೆ ಇಳಿಸಿಬಿಟ್ಟಿದ್ದಳು. ಅವನ ಕೈಗೂ ತನ್ನ ಕೈಗೂ ಎಷ್ಟು ಫರಕು ಎಂದು ಕಾರಟಗಿಯ ಹೆಂಗಸರಿಗೆಲ್ಲ ಗೊತ್ತು. ಕಾರಿನ ಹುಚ್ಚಿನಲ್ಲಿ ಅದು ತನಗೊಬ್ಬಳಿಗೇ ಮರೆತುಹೋಗಿತ್ತು.

ಕಾಳಪ್ಪ ಮುಂದೆ ಬಂದು ತನ್ನ ದೊಡ್ಡ ಕೈಯನ್ನು ಡಿಕ್ಕಿಯ ಮೇಲಿಟ್ಟು ನೋಡಿದ. ನಾಲ್ಕು ಗೇಣು, ಮೇಲೆ ಒಂದಿಷ್ಟು. ಅವನ ಮುಖ ಸಪ್ಪಗಾಯಿತು. ತಪ್ಪು ಅವಳದಲ್ಲರೀ, ನಂದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಪಕ್ಕೀರವ್ವ ಅವನ ತೋಳು ಹಿಡಿದು ಹಿಂದಕ್ಕೆಳೆದಳು. ಕಾರು ಮಾಡಿದ್ದು ತಾನು, ಅಳೆದು ನೋಡದೆ ಬರೆದುಕೊಂಡದ್ದೂ ತಾನು, ತಪ್ಪಿಗೆ ಪಾಲುದಾರರು ಬೇಕಾಗಿಲ್ಲ ಎಂದಳು.

ಉಮಾಪತಿಗೆ ಉಸಿರು ಬಂದಂತಾಯಿತು. ತಾನು ಹೇಳಿದ್ದು ಇದನ್ನೇ, ಗೇಣಿನ ಲೆಕ್ಕ ಹೀಗೇ ಆಗುವುದು, ಇರಲಿ ಬಿಡವ್ವ, ಚೆಂದದ ಆಟಿಗೆ, ಬಾ, ಅಲ್ಲೇ ಇಡೋಣ ಎಂದು ಕಾರಿಗೆ ಕೈ ಚಾಚಿದ. ಗುಂಪು ಒಳಗೆ ಹೋಗಲು ತಿರುಗಿತು. ಪಕ್ಕೀರವ್ವ ಒಂದು ಗಳಿಗೆ ತನ್ನ ಮೊಂಡು ಡಿಕ್ಕಿಯ ಕಾರನ್ನು ನೋಡುತ್ತ ನಿಂತಳು. ಕಣ್ಣಲ್ಲಿ ನೀರಿತ್ತು, ಆದರೆ ಅದು ಅವಮಾನದ್ದಾಗಿರಲಿಲ್ಲ, ಸಿಟ್ಟಿನದಾಗಿತ್ತು. ಆ ಸಿಟ್ಟಿನಲ್ಲೇ ಒಂದು ಸಂಗತಿ ಅವಳಿಗೆ ಹೊಳೆಯಿತು. ಕಾರನ್ನು ಎದೆಗೆ ಅವುಚಿ ಹಿಡಿದು ಉಮಾಪತಿಯ ದಾರಿಗೆ ಅಡ್ಡ ನಿಂತಳು.

"ಆ ಉಲ್ಲನ್ ನಾಯಿಮರಿ ಬಾಲ ಎಷ್ಟು ಕಡಿಮಿ ಐತಿ, ಹೇಳ್ರಿ."

ಉಮಾಪತಿಗೆ ಅರ್ಥವಾಗಲಿಲ್ಲ. ನಾಯಿಮರಿಯ ಬಾಲ ಅಳೆಯುತ್ತಾರೆಯೇ ಎಂದ.

"ಅಳಿಯಂಗಿಲ್ಲಲ್ಲ? ಆಟಿಗಿ ಎಂದೂ ತಪ್ಪಾಗಂಗಿಲ್ರಿ. ಅದು ಹೆಂಗಿದ್ರೂ ಚೆಂದನ. ನನ್ನ ಕಾರು ತಪ್ಪೈತಿ. ಇಷ್ಟು ಮಂದಿ ಮುಂದ, ಎಷ್ಟು ತಪ್ಪು, ಎಲ್ಲಿ ತಪ್ಪು ಅಂತ ಟೇಪ್ ಹಿಡಿದು ಹೇಳೀರಿ. ಇನ್ನ ಇದನ್ನ ಆಟಿಗಿ ಅನ್ನಾಕ ಬರಂಗಿಲ್ಲ. ಸೊನ್ನಿ ಬೇಕಾದ್ರ ಹಾಕ್ರಿ, ಆದ್ರ ಆ ಉದ್ದ ಟೇಬಲ್ ಮ್ಯಾಲ ಇಟ್ಟು ಹಾಕ್ರಿ."

ಉಮಾಪತಿ ನಿಯಮ, ಅರ್ಜಿ, ಸಮಯ ಎಂದು ಏನೇನೋ ಹೇಳಲು ಹೊರಟ. ಬಸವಕುಮಾರ ಟೇಪನ್ನು ಜೇಬಿಗೆ ಸೇರಿಸಿ, ಒಳಗೆ ಹೋಗಿ, ಒಂದು ಹೊಸ ಅಂಕಪಟ್ಟಿ ತಂದ. ಸ್ಕೇಲ್ ಎಂಬ ಕಡೆ ಹನ್ನೆರಡಕ್ಕೆ ಒಂದು ಎಂದು ಬರೆದ. ಸಾಲಿನ ಕಾರುಗಳನ್ನು ಒಂದಿಷ್ಟು ಒತ್ತರಿಸಿ ಜಾಗ ಮಾಡಿದ. ಪಕ್ಕೀರವ್ವ ಕಾರು ಇಟ್ಟಳು. ಮೇಷ್ಟ್ರು ಅವಳೆದುರಿಗೇ ಅಂಕ ಹಾಕಿದ, ಒಂದಿಷ್ಟೂ ಕರುಣೆ ತೋರಿಸಲಿಲ್ಲ. ಉದ್ದದ ಅಳತೆಗೆ ಸೊನ್ನೆ. ಬಣ್ಣಕ್ಕೆ ಹತ್ತಕ್ಕೆ ನಾಲ್ಕು, ಕುಂಚದ ಗೆರೆಗಳು ಕಾಣುತ್ತಿವೆಯಂತೆ. ಚಕ್ರ ಒಂದಿಷ್ಟು ಓರೆಯಂತೆ. ಒಳಾಲಂಕಾರಕ್ಕೆ ಮಾತ್ರ ಹತ್ತಕ್ಕೆ ಒಂಬತ್ತು. ಒಂದೊಂದು ತಪ್ಪು ಹೇಳಿದಾಗಲೂ ಪಕ್ಕೀರವ್ವ ಬಗ್ಗಿ ನೋಡಿ, ಹೌದು ಎಂದು ಗೋಣು ಹಾಕುತ್ತಿದ್ದಳು. ಕುಂಚದ ಗೆರೆ ಹೋಗಬೇಕಾದರೆ ಬಣ್ಣ ಎಷ್ಟು ತೆಳು ಮಾಡಬೇಕು ಎಂದು ಕೇಳಿದಳು. ಅವನು ಹೇಳಿದ. ಅವಳ ಕಾರಿನ ಬಗ್ಗೆ ಇನ್ನೊಬ್ಬರು ಹೀಗೆ ಮಾತಾಡಿದ್ದು ಇದೇ ಮೊದಲು. ಅವಳಿಗೆ ಎಷ್ಟು ಸುಖವಾಯಿತೆಂದರೆ, ಹಸಿವೆಯೂ ಮರೆತುಹೋಯಿತು.

ಸಾಯಂಕಾಲ ಬಹುಮಾನ ಹಂಚಿದರು. ಮೊದಲನೆಯದು ಕೊಪ್ಪಳದ ಹಲ್ಲಿನ ಡಾಕ್ಟರೊಬ್ಬರ ಕೆಂಪು ಕಾರಿಗೆ ಬಂತು, ಬರಬೇಕಾದದ್ದೇ. ಎರಡು, ಮೂರು ಆದವು. ಆಟಿಗೆ ಟೇಬಲ್ಲಿನ ಬಹುಮಾನ ಕಡ್ಡಿಪೆಟ್ಟಿಗೆಯ ಗುಡಿಗೆ ಹೋಯಿತು. ಆಮೇಲೆ ಉಮಾಪತಿ ಗಂಟಲು ಸರಿಮಾಡಿಕೊಂಡು, ನಮ್ಮ ಹೂವಿನ ಪಕ್ಕೀರವ್ವನಿಗೆ ಬಳಗದ ವತಿಯಿಂದ ಪ್ರೋತ್ಸಾಹಕ ಬಹುಮಾನ, ವೇದಿಕೆಗೆ ಬರಬೇಕು ಎಂದು ಮೈಕಿನಲ್ಲಿ ಕರೆದ. ಕೈಯಲ್ಲಿ ಶಾಲು ಇತ್ತು.

ಪಕ್ಕೀರವ್ವ ವೇದಿಕೆ ಹತ್ತಿದಳು. ಶಾಲು ಹೊದಿಸಲು ಬಂದವನನ್ನು ಕೈಯೆತ್ತಿ ತಡೆದಳು. ತನಗೆ ಪ್ರೋತ್ಸಾಹ ಬೇಡ, ಪಟ್ಟಿಯಲ್ಲಿ ತನ್ನ ನಂಬರು ಎಷ್ಟು ಎಂದು ಕೇಳಿದಳು. ಉಮಾಪತಿ ಮೈಕು ಮುಚ್ಚಿ, ಹದಿನಾಲ್ಕು, ಕೊನೆಯದು ಎಂದು ಮೆಲ್ಲಗೆ ಹೇಳಿದ.

"ಅದನ್ನ ಓದ್ರಿ."

ಕೊನೆಯ ನಂಬರನ್ನು ಯಾರೂ ಓದುವುದಿಲ್ಲ, ನಿನಗೇ ಅವಮಾನ ಎಂದು ಅವನು ಬೇಡಿಕೊಳ್ಳುವವನಂತೆ ಹೇಳಿದ. ಪಕ್ಕೀರವ್ವ ಅಲುಗಲಿಲ್ಲ. ಜನ ಕಾಯುತ್ತಿದ್ದರು. ಉಮಾಪತಿ ಶಾಲನ್ನು ಕುರ್ಚಿಯ ಮೇಲಿಟ್ಟು, ಕನ್ನಡಕ ಹಾಕಿಕೊಂಡು, ಮೇಷ್ಟ್ರ ಪಟ್ಟಿಯನ್ನು ಕೈಗೆತ್ತಿಕೊಂಡ.

"ಮಾಡೆಲ್ ಕಾರು ವಿಭಾಗ. ಹದಿನಾಲ್ಕನೇ ಸ್ಥಾನ. ಅಂಬಾಸಿಡರ್, ಸ್ಕೇಲ್ ಹನ್ನೆರಡಕ್ಕೆ ಒಂದು. ಮಾಡಿದವರು, ಪಕ್ಕೀರವ್ವ ಕಾಳಪ್ಪ ಹೂಗಾರ, ಕಾರಟಗಿ."

ಮಂಟಪದ ಕೊನೆಯ ಸಾಲಿನವರೆಗೂ ಅದು ಕೇಳಿಸಿತು. ಪಕ್ಕೀರವ್ವ ಸೆರಗು ಸರಿಮಾಡಿಕೊಂಡು ಸಭೆಗೆ ಕೈಮುಗಿದಳು.